ತಿಮ್ಮಕ್ಕನ ಬಾಯಿಯ ಎಲೆ ಅಡಿಕೆ

ಗಾಳಿ ಸೋಕುವುದು, ಸತ್ತವರು ಬಂದು ಬಾಗಿಲು ತಟ್ಟುವುದು, ಇಂಥ ಮಾತು ಶುರುವಾದರೆ ಎದ್ದು ಹೋಗುತ್ತಿದ್ದವಳು ನಾನು. ಹುಟ್ಟಿ ಬೆಳೆದದ್ದು ಕೊರಟಗೆರೆಯಲ್ಲಿ. ಸಿದ್ದರಬೆಟ್ಟದ ಗವಿಯಲ್ಲಿ ಇವತ್ತಿಗೂ ಸಿದ್ಧರು ಓಡಾಡುತ್ತಾರೆ ಎಂದು ನಮ್ಮಜ್ಜಿ ಹೇಳುವಾಗ, ಅವರು ಊಟಕ್ಕೇನು ಮಾಡುತ್ತಾರೆ, ಬಟ್ಟೆ ಎಲ್ಲಿ ಒಗೆಯುತ್ತಾರೆ ಎಂದು ಕೇಳಿ ಬೈಸಿಕೊಂಡಿದ್ದೇನೆ. ಆಮೇಲೆ ನರ್ಸಿಂಗ್ ಓದಿದೆ. ಕಣ್ಣಿಗೆ ಕಾಣದ ವಸ್ತುಗಳಲ್ಲಿ ನಾನು ನಂಬಿದ್ದು ಒಂದನ್ನೇ, ರೋಗಾಣುವನ್ನು. ಅದಾದರೂ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುತ್ತದಲ್ಲ ಎನ್ನುವ ಧೈರ್ಯದ ಮೇಲೆ.

ಈಗ ಬರೆಯುತ್ತಿರುವುದನ್ನು ಅರ್ಧ ಓದಿ ನೀವೂ ಎದ್ದು ಹೋದರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಸರಿಯಾಗಿ ಹೇಳಿಲ್ಲ. ಹೇಳಲು ಹೋದಾಗಲೆಲ್ಲ ಕೇಳುವವರು ಪುಟ್ಟಕ್ಕನ ದೆವ್ವದ ಹತ್ತಿರ ನಿಂತುಬಿಡುತ್ತಿದ್ದರು. ನನಗೆ ಹೆದರಿಕೆ ಇರುವುದು ಆ ದೆವ್ವದ್ದಲ್ಲ.

ಕೊರೊನಾ ಮುಗಿದು ಜನ ಮಾಸ್ಕ್ ಬಿಸಾಡಿದ ಮೇಲಿನ ಮಾತು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ಹುಣಸೆ ಮರಗಳ ಹಿಂದೆ, ಹಾಸಿಗೆ ಹಿಡಿದ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆ ಇತ್ತು. ಸುತ್ತಲ ನಾಲ್ಕು ತಾಲ್ಲೂಕಿನವರು ಅಲ್ಲಿದ್ದರು. ಹೆಚ್ಚಿನವರು ಬಂದರೆ ಮತ್ತೆ ಹೊರಗೆ ಹೋಗುವುದು ಒಂದೇ ಸಲ. ನಾನು ತುಮಕೂರಿನ ಆಸ್ಪತ್ರೆ ಬಿಟ್ಟು ಅಲ್ಲಿಗೆ ಮೇಲ್ವಿಚಾರಕಿಯಾಗಿ ಸೇರಿದೆ. ಕೊರೊನಾ ಕಾಲದಲ್ಲಿ ಒಂದು ವಾರ್ಡು ವಾರದೊಳಗೆ ಖಾಲಿಯಾದದ್ದನ್ನು ಕಣ್ಣಾರೆ ಕಂಡಿದ್ದೆ. ಇಂಥ ಕಡೆ ರೋಗ ಒಂದು ಹಾಸಿಗೆಗೆ ಬಂದರೆ ಪಕ್ಕದ ಹಾಸಿಗೆಗೆ ಹೋಗಲು ಯಾರಾದರೊಬ್ಬರ ಕೈ ಸಾಕು. ಆ ಕೈಯನ್ನು ತೊಳೆಸುವುದೇ ನನ್ನ ಕೆಲಸ ಅಂದುಕೊಂಡಿದ್ದೆ.

ನನ್ನ ಕಾಟ ಅವರಿಗೆ ಕಡಿಮೆಯಿರಲಿಲ್ಲ. ಪ್ರತಿ ಬಾಗಿಲಿಗೂ ನಲ್ಲಿ ಹಾಕಿಸಿದೆ, ಮೊಣಕೈಯಿಂದ ತಿರುಗಿಸುವಂಥದ್ದು. ಲೋಟ, ಟವೆಲು ಒಬ್ಬರದು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ನೋಡಲು ಬಂದ ನೆಂಟರು ಸಿದ್ದರಬೆಟ್ಟದಿಂದ ಕ್ಯಾನಿನಲ್ಲಿ ತೀರ್ಥ ತಂದು, ಒಂದೇ ಚಮಚದಲ್ಲಿ ಹಾಸಿಗೆಯಿಂದ ಹಾಸಿಗೆಗೆ ಕುಡಿಸಿಕೊಂಡು ಹೋಗುತ್ತಿದ್ದರು. ಅದನ್ನು ನಿಲ್ಲಿಸಿದ್ದಕ್ಕೆ ನಾನು ದೇವರ ನೀರಿಗೂ ಅಡ್ಡ ಬಂದ ಹೆಂಗಸು ಎಂದಾಯಿತು. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಸೋಪಮ್ಮ ಅನ್ನುತ್ತಿದ್ದರು. ಆಯಾ ಜಯಮ್ಮ ಒಂದೊಂದು ಸಲ ಎದುರಿಗೇ ಅಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಆ ಒಣ ಸೀಮೆಯ ಗಾಳಿಗೂ ದಿನಕ್ಕೆ ನೂರು ಸಲ ಹಚ್ಚಿಕೊಳ್ಳುವ ಸ್ಪಿರಿಟ್ಟಿಗೂ ನನ್ನ ಬೆರಳ ತುದಿಗಳು ಬಿರುಕು ಬಿಟ್ಟಿದ್ದವು. ಬಲಗೈ ತೋರುಬೆರಳಿನ ಬಿರುಕಂತೂ ವಾಸಿಯಾಗುತ್ತಲೇ ಇರಲಿಲ್ಲ. ಉಪ್ಪಿನಕಾಯಿ ಮುಟ್ಟಿದರೆ ಜೀವ ಹೋಗುತ್ತಿತ್ತು.

ಹೆಂಗಸರ ವಾರ್ಡಿನ ಬಾಗಿಲ ಬಳಿಯ ಎರಡು ಮಂಚ ಪುಟ್ಟಕ್ಕನದು ಮತ್ತು ತಿಮ್ಮಕ್ಕನದು. ಪುಟ್ಟಕ್ಕ ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವಳು. ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಪಾರ್ಶ್ವವಾಯು ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ತಿಮ್ಮಕ್ಕ ಸಿರಾ ಕಡೆಯ ಮದಲೂರಿನವಳು. ಎರಡು ಕಣ್ಣೂ ಕಾಣುತ್ತಿರಲಿಲ್ಲ. ಸಾಲದ್ದಕ್ಕೆ ಹಳೆಯ ಉಬ್ಬಸ. ಇಬ್ಬರೂ ಹಿಂದೆ ಮುಂದೆ ಯಾರೂ ಇಲ್ಲದವರು. ಬಂದ ಮೇಲೆ ಪರಿಚಯವಾದದ್ದು, ಆದರೆ ಒಂದೇ ಹಟ್ಟಿಯಲ್ಲಿ ಹುಟ್ಟಿದವರ ಹಾಗಿದ್ದರು.

ಪುಟ್ಟಕ್ಕನ ಹತ್ತಿರ ಒಂದು ಕಬ್ಬಿಣದ ಕುಟ್ಟಾಣಿ ಇತ್ತು. ಹಲ್ಲಿಲ್ಲದವರು ಎಲೆ, ಅಡಿಕೆ, ಸುಣ್ಣ ಹಾಕಿ ಕುಟ್ಟಿಕೊಳ್ಳುತ್ತಾರಲ್ಲ, ಅದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದನ್ನು ದಿಂಬಿಗೆ ಒತ್ತಿಟ್ಟುಕೊಂಡು ಬಲಗೈಯೊಂದರಲ್ಲೇ ನಿಧಾನವಾಗಿ ಕುಟ್ಟುತ್ತಿದ್ದಳು. ಬೆಣ್ಣೆಯಂತಾಗುವ ತನಕ ಬಿಡುತ್ತಿರಲಿಲ್ಲ. ಮೊದಲ ತುತ್ತನ್ನು ಬೆರಳಿನಿಂದ ತೆಗೆದು ಪಕ್ಕದ ಮಂಚದ ತಿಮ್ಮಕ್ಕನ ಬಾಯಿಗಿಡುತ್ತಿದ್ದಳು. ಆಮೇಲೆ ತನಗೆ. ಆಮೇಲೆ ವಾರ್ಡಿನ ಬೊಚ್ಚು ಬಾಯಿಯ ಮುದುಕಿಯರೆಲ್ಲ ಅದಕ್ಕೇ ಬೆರಳು ಹಾಕುವವರು. ಮೊದಲ ಸಲ ನೋಡಿದಾಗ ನನ್ನ ಮೈಮೇಲೆ ಹುಳ ಹರಿದ ಹಾಗಾಯಿತು. ಜಗಳವಾಡಿ, ಗೋಗರೆದು, ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಬೇರೆಯವರು ಬೆರಳು ಹಾಕುವಂತಿಲ್ಲ, ತಿಮ್ಮಕ್ಕನಿಗೆ ಕೊಡಬಹುದು, ಆದರೆ ಕೈ ತೊಳೆದೇ ಕೊಡಬೇಕು. ಪುಟ್ಟಕ್ಕ ಆ ಮಾತು ತಪ್ಪಲಿಲ್ಲ. ನಾನು ಹಾದುಹೋಗುವಾಗ ಒದ್ದೆ ಅಂಗೈ ಎತ್ತಿ ತೋರಿಸಿ, "ಚೂಡಮ್ಮಾ, ತೊಳ್ಕಂಡಿದ್ದೀನಿ" ಅನ್ನುತ್ತಿದ್ದಳು. ಅದರಲ್ಲಿ ಸ್ವಲ್ಪ ಗೇಲಿಯೂ ಇರುತ್ತಿತ್ತು.

ಆ ಚಳಿಗಾಲದಲ್ಲಿ ಜ್ವರ ಬಂತು. ಯಾರು ತಂದರೋ, ಯಾವ ನೆಂಟರ ಕೆಮ್ಮಿನಲ್ಲಿ ಬಂತೋ ಗೊತ್ತಿಲ್ಲ. ಮೊದಲು ಮಲಗಿದವಳು ಪುಟ್ಟಕ್ಕ. ಗಂಟಲ ದ್ರವ ತುಮಕೂರಿಗೆ ಕಳಿಸಿದೆವು. ಕೆಟ್ಟ ಫ್ಲೂ ಎಂದು ಬಂತು. ಅದಕ್ಕೂ ಮೊದಲೇ ಅವಳನ್ನು ವರಾಂಡದ ಕೊನೆಯ ಕೋಣೆಗೆ ಹಾಕಿಸಿ, ಗೇಟಿಗೆ ಬೀಗ ಹಾಕಿಸಿ, ನೋಡಲು ಬರುವವರನ್ನು ನಿಲ್ಲಿಸಿದ್ದೆ. ಕುಟ್ಟಾಣಿಯನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ಬಿಸಿಲಲ್ಲಿ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೋಣೆಯ ಬೀರುವಿನಲ್ಲಿಟ್ಟೆ. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಮಂಚಗಳ ಕೆಳಗಿನ, ದಿಂಬಿನೊಳಗಿನ ಎಲೆ, ಅಡಿಕೆ, ಹೊಗೆಸೊಪ್ಪು, ಸುಣ್ಣದ ಡಬ್ಬಿ ಎಲ್ಲವನ್ನೂ ಗುಡಿಸಿ ಹಿತ್ತಲ ಗುಂಡಿಯಲ್ಲಿ ಹಾಕಿ ನಾನೇ ನಿಂತು ಸುಡಿಸಿದೆ. ಮುದುಕಿಯರು ನನಗೆ ಹಿಡಿಶಾಪ ಹಾಕಿದರು. ಹಾಕಿಕೊಳ್ಳಲಿ ಅಂದುಕೊಂಡೆ. ಒಂದು ವಾರ ಕಳೆದರೂ ವಾರ್ಡಿನಲ್ಲಿ ಇನ್ನೊಬ್ಬರಿಗೆ ಜ್ವರ ಬರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ.

ನನಗೆ ಎಲ್ಲರಿಗಿಂತ ಹೆಚ್ಚು ದಿಗಿಲಿದ್ದದ್ದು ತಿಮ್ಮಕ್ಕನದು. ಆ ಉಬ್ಬಸದ ಎದೆಗೆ ಈ ಜ್ವರ ಹೊಕ್ಕರೆ ಅವಳು ಉಳಿಯುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಅವಳಿಗೋ ಅದರ ಪರಿವೆಯೇ ಇಲ್ಲ. ದೀಪ ಹಚ್ಚುವ ಹೊತ್ತಾಯಿತೆಂದರೆ ಮಂಚದ ತುದಿಗೆ ಬಂದು, ವರಾಂಡದ ಕಡೆ ಮುಖ ಮಾಡಿ ಕೂರುತ್ತಿದ್ದಳು.

"ಒಂದ್ಕಿತ ಕರ್ಕಂಡೋಗವ್ವ. ಅವ್ಳ ಕೈ ಮುಟ್ಟಿ ಬಂದ್ಬುಡ್ತೀನಿ," ಅನ್ನುವಳು.

"ಆ ಜ್ವರ ನಿನಗೆ ಬಂದರೆ ನೀನು ಉಳಿಯಲ್ಲ ಕಣಮ್ಮ," ಅನ್ನುವೆ ನಾನು.

"ಉಳ್ಕಂಡು ನಾನೇನ್ ಕಡ್ದಾಕ್ಬೇಕು?"

ನಾನು ಬಾಗಿಲು ತೆಗೆಯಲಿಲ್ಲ. ಇವತ್ತು ಹಾಗೇ ಆದರೂ ತೆಗೆಯುವುದಿಲ್ಲ. ನಾನು ಇರುವವರೆಗೆ ಈ ಮುದುಕಿಗೆ ಆ ಜ್ವರ ಮುಟ್ಟಬಾರದು ಎಂದು ಹಟ ಹಿಡಿದಿದ್ದೆ. ಪುಟ್ಟಕ್ಕನ ಕೋಣೆಗೆ ನಾನು, ಜಯಮ್ಮ ಇಬ್ಬರೇ ಹೋಗುತ್ತಿದ್ದೆವು. ಜಯಮ್ಮನಿಗೆ ಸಣ್ಣದಾಗಿ ನೆಗಡಿ ಕಾಣಿಸಿದ ಮೇಲೆ ಅವಳನ್ನೂ ಮನೆಗೆ ಕಳಿಸಿದೆ, ವಾಸಿಯಾಗಿ ಬಂದ ಮೇಲೂ ಅತ್ತ ಬಿಡಲಿಲ್ಲ. ಕೊನೆಯ ದಿನಗಳಲ್ಲಿ ಆ ಕೋಣೆಗೆ ಹೋಗಿ ಬರುತ್ತಿದ್ದವಳು ನಾನೊಬ್ಬಳೇ.

ಆ ಸಂಜೆ ಕರೆಂಟಿರಲಿಲ್ಲ. ಕೋಣೆಯ ಕಿಟಕಿಯಿಂದ ಹುಣಸೆ ಮರದ ಮೇಲಿನ ಬಿಸಿಲು ಕಾಣುತ್ತಿತ್ತು. ಪುಟ್ಟಕ್ಕನ ಉಸಿರು ಎಳೆಯುತ್ತಿದ್ದ ರೀತಿ ನೋಡಿ ಇನ್ನು ಹೆಚ್ಚು ಹೊತ್ತಿಲ್ಲ ಎಂದು ತಿಳಿಯಿತು. ಪಕ್ಕದಲ್ಲಿ ಕೂತೆ. ಗೌನು, ಮಾಸ್ಕು, ಗ್ಲೌಸು ಎಲ್ಲ ಹಾಕಿಕೊಂಡಿದ್ದೆ. ನನ್ನ ಕಣ್ಣಷ್ಟೇ ಅವಳಿಗೆ ಕಾಣುತ್ತಿದ್ದದ್ದು. ಅವಳ ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಎದ್ದು ಬೀಳುತ್ತಿತ್ತು, ಕುಟ್ಟುವ ಹಾಗೆ. ಎಲೆ ಅಡಿಕೆ ಬೇಕೇನೋ ಎಂದು, "ವಾಸಿಯಾಗಲಿ, ಕೊಡ್ತೀನಿ" ಎಂದೆ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

"ನಂಗ್ ಬ್ಯಾಡ," ಅಂದಳು. ಮತ್ತೆ ಉಸಿರೆಳೆದುಕೊಂಡು, "ತಿಮ್ಮಕ್ಕ ಕಾಯ್ತಾ ಕೂತಿರ್ತಾಳೆ. ಆಯಮ್ಮ ನೋಟ್ಲೋ ಪೆಟ್ಟಮ್ಮಾ," ಅಂದಳು. ಅವಳ ಬಾಯಿಗೆ ಇಡಮ್ಮ ಎಂದು.

ಸಾಯುವವರು ಏನು ಕೇಳಿದರೂ ಹೂಂ ಅನ್ನುವುದು ನಮ್ಮ ಕೆಲಸದಲ್ಲಿ ಅಭ್ಯಾಸವಾಗಿರುತ್ತದೆ. ಹೂಂ ಅಂದೆ. ಅವಳು ನನ್ನ ಕೈಯನ್ನೇ, ಆ ಗ್ಲೌಸಿನ ಕೈಯನ್ನೇ ನೋಡುತ್ತಾ ಇದ್ದಳು. ಹಾಗೇ ನೋಡುತ್ತಾ ಹೋಗಿಬಿಟ್ಟಳು.

ಆಮೇಲೆ ಮಾಡಬೇಕಾದ್ದನ್ನೆಲ್ಲ ಮಾಡಿದೆ. ಕಣ್ಣು ಮುಚ್ಚಿಸಿದೆ, ಬಾಯಿ ಒರೆಸಿದೆ. ಬಾಯಲ್ಲಿ ಏನೂ ಇರಲಿಲ್ಲ, ಒಣಗಿತ್ತು. ಹೊದಿಕೆ ಎಳೆದು, ಗ್ಲೌಸು, ಗೌನು ತೆಗೆದು ಹಳದಿ ಚೀಲಕ್ಕೆ ಹಾಕಿ, ಹೊರಗೆ ಬಂದು ಬಾಗಿಲು ಹಾಕಿದೆ. ನಲ್ಲಿಯ ಹತ್ತಿರ ನಿಂತು ಸಾಬೂನು ಹಚ್ಚಿ ಕೈ ತೊಳೆದೆ. ಹುಣಸೆ ಮರದ ತುದಿಯಲ್ಲಿ ಇನ್ನೂ ಬೆಳಕಿತ್ತು, ನೋಡಿದ್ದು ನೆನಪಿದೆ. ಮೇಲೆ ಸ್ಪಿರಿಟ್ಟು ಹಚ್ಚಿಕೊಂಡೆ, ಬಿರುಕು ಚುರ್ ಅಂದದ್ದೂ ನೆನಪಿದೆ. ನನ್ನ ಕೋಣೆಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ. ಕತ್ತಲಾಗಿತ್ತು. ಮೊಬೈಲಿನ ಬೆಳಕಿನಲ್ಲಿ ಪುಟ್ಟಕ್ಕನ ಕಾಗದಪತ್ರ ಹುಡುಕುತ್ತಿದ್ದಾಗ ಜಯಮ್ಮ ಓಡಿಬಂದಳು.

"ಸಿಸ್ಟರಮ್ಮ, ತಿಮ್ಮಕ್ಕ ಎಲೆ ಅಡಿಕೆ ಮೆಲ್ತಾವ್ಳೆ. ಯಾರ್ ಕೊಟ್ರು?"

ಹೋಗಿ ನೋಡಿದೆ. ತಿಮ್ಮಕ್ಕ ಮಂಚದ ತುದಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಬಾಯಿ ಕೆಂಪಗೆ, ತುಟಿಯ ಅಂಚಿನಲ್ಲಿ ರಸ ಇಳಿದಿತ್ತು. ಟಾರ್ಚು ಹಿಡಿದು ಬಾಯಿ ತೆಗೆಸಿದೆ. ಹಸಿ ಎಲೆ, ನುಣ್ಣಗೆ ಕುಟ್ಟಿದ್ದು. ವೀಳ್ಯದ ಘಾಟು ಮುಖಕ್ಕೆ ಬಡಿಯಿತು. ಪುಟ್ಟಕ್ಕ ಹೋದ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ. ಜಯಮ್ಮನಿಗೇ ಗೊತ್ತಿರಲಿಲ್ಲ.

"ಪುಟ್ಟಕ್ಕ ಬಂದಿದ್ಲು ಕಣವ್ವ," ಅಂದಳು ತಿಮ್ಮಕ್ಕ. ಅಷ್ಟು ಸಮಾಧಾನದ ಮುಖವನ್ನು ನಾನು ಅಲ್ಲಿ ಬೇರೆ ಯಾರಲ್ಲೂ ನೋಡಿರಲಿಲ್ಲ. "ಮಾತಾಡ್ಲಿಲ್ಲ. ಬಾಯಿಗಿಟ್ಟು ಹೋದ್ಲು. ಬೆರಳು ಒರಟಾಗ್ಬುಟ್ಟಿತ್ತು ಪಾಪ, ಕಾಯ್ಲೆ ಬಿದ್ದು. ನೀನು ಬಯ್ಬ್ಯಾಡ, ಕೈ ತೊಳ್ಕಂಡೇ ಬಂದಿದ್ಲು. ನೀನು ಕೈಗೆ ಹಚ್ಕಣೋ ಆ ನೀರಿನ ವಾಸ್ನೆ ಬತ್ತಿತ್ತು."

ಜಯಮ್ಮನ ಕೈಯಿಂದ ಗಂಜಿಯ ಪಾತ್ರೆ ಬಿದ್ದುಹೋಯಿತು. ಮಾರನೆಯ ದಿನ ಎಲ್ಲ ಬಾಗಿಲಿಗೂ ಬೇವಿನ ಸೊಪ್ಪು ಕಟ್ಟಿದ್ದರು. ನಾನು ಬಯ್ಯಲಿಲ್ಲ.

ದೆವ್ವ ಎಂದು ಒಪ್ಪಿಕೊಳ್ಳುವವಳಲ್ಲವಲ್ಲ ನಾನು, ಹುಡುಕಿದೆ. ಜಯಮ್ಮ ಗಂಜಿ ತರಲು ಅಡುಗೆಮನೆಗೆ ಹೋಗಿದ್ದಳು, ಅಡುಗೆಯವಳು ಅವಳ ಜೊತೆಗೇ ಇದ್ದಳು. ಗೇಟಿನ ಬೀಗ ಹಾಕಿದ ಹಾಗೇ ಇತ್ತು. ಪಕ್ಕದ ಮಂಚದ ಮುದುಕಿಯನ್ನು ಕೇಳಿದರೆ, ಕತ್ತಲಲ್ಲಿ ಯಾರೋ ಬಂದು ಹೋದಂಗಾಯ್ತು, ನೀವೇ ಯಾರೋ ಅಂದ್ಕಂಡೆ, ಅಂದಳು. ವಾರ್ಡಿನ ಹಾಸಿಗೆಗಳನ್ನೆಲ್ಲ ಕೊಡವಿಸಿದೆ. ಒಂದು ಎಲೆ ಚೂರು ಸಿಗಲಿಲ್ಲ. ಕೊನೆಗೆ ಜಯಮ್ಮನನ್ನು ನಿಲ್ಲಿಸಿಕೊಂಡು ಬೀರು ತೆಗೆದೆ. ಕುಟ್ಟಾಣಿ ಬಿಳಿ ಬಟ್ಟೆಯಲ್ಲಿ ನಾನು ಸುತ್ತಿಟ್ಟ ಹಾಗೇ ಇತ್ತು. ಒಳಗೆ ಬೆರಳಾಡಿಸಿದೆ. ಒಣಗಿ, ಚೊಕ್ಕವಾಗಿತ್ತು. ಕೆಂಪಾಗಿದ್ದರೆ ಜಯಮ್ಮ ಕಿರುಚುತ್ತಿದ್ದಳು, ನಾನೂ ಒಂದು ನಿರ್ಧಾರಕ್ಕೆ ಬರುತ್ತಿದ್ದೆ. ಅದೂ ಆಗಲಿಲ್ಲ.

ಎರಡು ಮೂರು ದಿನ ಕಳೆದು ತಿಮ್ಮಕ್ಕನಿಗೆ ಮೈ ಬಿಸಿಯಾಯಿತು. ಗಂಟಲ ದ್ರವ ಕಳಿಸಿದೆವು. ಅದೇ ಫ್ಲೂ. ವಾರ್ಡಿನಲ್ಲಿ ಬೇರೆ ಯಾರಿಗೂ ಇಲ್ಲ, ಅವಳೊಬ್ಬಳಿಗೆ. ವಾರಕ್ಕೂ ಮೇಲೆ ಅವಳನ್ನು ದೂರ ಇಟ್ಟಿದ್ದೆ. ಮೊದಲೇ ಮೈಯೊಳಗೆ ಅಡಗಿತ್ತೇನೋ ಎಂದರೆ, ಈ ಜ್ವರ ಅಷ್ಟು ದಿನ ಅಡಗಿ ಕೂರುವಂಥದ್ದಲ್ಲ. ಡಾಕ್ಟರು ತಲೆ ಕೆರೆದುಕೊಂಡರು. ಸೋಂಕು ಹರಡಿದರೆ ಅದು ಬಂದ ದಾರಿಯನ್ನು ಹಿಂದಕ್ಕೆ ಹಿಡಿದುಕೊಂಡು ಹೋಗುವುದು ನನಗೆ ಕಲಿಸಿದ ವಿದ್ಯೆ. ಹಿಡಿದುಕೊಂಡು ಹೋದೆ. ಎಲ್ಲ ದಾರಿಯೂ ಮುಚ್ಚಿತ್ತು. ನಾನೇ ಮುಚ್ಚಿದ್ದೆ.

ಅವಳನ್ನು ಅದೇ ಕೊನೆಯ ಕೋಣೆಗೆ ತಂದೆವು. ಪುಟ್ಟಕ್ಕನ ಸುದ್ದಿ ಅಷ್ಟರಲ್ಲಿ ಅವಳಿಗೆ ತಿಳಿದಿತ್ತು. ಅತ್ತಂತೆ ಕಾಣಲಿಲ್ಲ. ಇದೇನಾ ಅವಳ ಮಂಚ ಎಂದು ಕೇಳಿ ಕಂಬಿಯ ಮೇಲೆ ಕೈಯಾಡಿಸಿಕೊಂಡಳು. ಉಬ್ಬಸ ಏರುತ್ತಾ ಹೋಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ ಎಂದರೆ ಕಂಬಿ ಬಿಗಿಯಾಗಿ ಹಿಡಿದುಕೊಂಡಳು. ಡಾಕ್ಟರು ಬಲವಂತ ಬೇಡ ಎಂದರು. ಅವಳು ಕೇಳಿದ್ದು ಒಂದೇ, ಬಾಯಿಗೆ ಒಂದು ಚೂರು ಎಲೆ ಅಡಿಕೆ.

ಉಳಿಸುವುದಂತೂ ನನ್ನ ಕೈಲಾಗಲಿಲ್ಲ. ಇಷ್ಟನ್ನಾದರೂ ಮಾಡೋಣ ಅನ್ನಿಸಿತು. ಮಾರನೆಯ ಬೆಳಗ್ಗೆ ಜಯಮ್ಮ ಮಧುಗಿರಿಯಿಂದ ಎಲೆ ಅಡಿಕೆ ತಂದಳು. ಬೀರುವಿನಿಂದ ಕುಟ್ಟಾಣಿ ತೆಗೆದು, ಅದೇ ಕೋಣೆಯಲ್ಲಿ, ಅವಳ ಪಕ್ಕದಲ್ಲೇ ಕೂತು ಕುಟ್ಟಿದೆ. ಜನ್ಮದಲ್ಲಿ ಆ ಕೆಲಸ ಮಾಡಿದವಳಲ್ಲ. ಸದ್ದು ಕೇಳಿ ಅವಳು ಬಾಯಿ ತೆರೆದುಕೊಂಡು ಮಲಗಿದ್ದಳು, ಹಕ್ಕಿಮರಿಯ ಹಾಗೆ. ನನಗೆ ಅಳು ಬಂತು, ಮಾಸ್ಕಿನೊಳಗೇ ಅತ್ತೆ. ಒಂದು ತುತ್ತು ತೆಗೆದು ತುಟಿಗಿಟ್ಟೆ. ಗ್ಲೌಸು ತಾಗಿದ್ದೇ ಬಾಯಿ ಮುಚ್ಚಿ ಮುಖ ತಿರುಗಿಸಿದಳು.

"ಇದು ಕೈ ಅಲ್ಲ," ಅಂದಳು.

ಹೊರಗೆ ಬಂದು ಗ್ಲೌಸು ಬಿಸಾಡಿದೆ. ಸಾಬೂನು ಹಾಕಿ ಕೈ ತೊಳೆದೆ, ಸ್ಪಿರಿಟ್ಟು ಹಚ್ಚಿಕೊಂಡೆ, ಆರುವವರೆಗೆ ನಿಂತೆ. ಒಳಗೆ ಬಂದು ಬರಿಗೈಯಲ್ಲಿ ಬಾಯಿಗಿಟ್ಟೆ. ಈ ಸಲ ತೆಗೆದುಕೊಂಡಳು. ನಾನು ಕೈ ಎಳೆದುಕೊಳ್ಳುವಷ್ಟರಲ್ಲಿ ಬೆರಳು ಹಿಡಿದುಕೊಂಡಳು. ಬಲಗೈ ತೋರುಬೆರಳು. ಅದರ ತುದಿಯ ಬಿರುಕಿನ ಮೇಲೆ ತನ್ನ ಹೆಬ್ಬೆರಳನ್ನು ಹಿಂದೆ ಮುಂದೆ ಆಡಿಸಿದಳು. ಕಣ್ಣಿಲ್ಲದವರು ಮುಖ ನೋಡುವುದು ಹಾಗೇ ಅಲ್ಲವೇ. ಮೂಸಿಯೂ ನೋಡಿದಳು. ಅವಳ ಮುಖದಲ್ಲಿ ಏನೋ ಗೊತ್ತಾದ ಹಾಗೆ ಕಂಡಿತು.

"ಇದೇ ಬೆರಳು," ಅಂದಳು. "ಅವತ್ತು ಬಂದಿದ್ದು ನೀನೇನಾ? ನಾನು ಪುಟ್ಟಕ್ಕ ಅಂದ್ಕಂಬುಟ್ಟಿದ್ದೆ."

ಅವಳು ಸ್ವಲ್ಪ ಹೊತ್ತು ಬಾಯಾಡಿಸಿದಳು. ಆಮೇಲೆ, ಬೈಗುಳವೂ ಅಲ್ಲದ, ದೂರೂ ಅಲ್ಲದ ದನಿಯಲ್ಲಿ ಹೇಳಿದಳು:

"ಅವತ್ತಿನಂಗೆ ನುಣ್ಣಗಾಗಿಲ್ಲ ಕಣವ್ವ. ಅವತ್ತು ಪುಟ್ಟಕ್ಕ ಕುಟ್ದಂಗೇ ಇತ್ತು."

ಅವಳ ಕೊನೆಯ ಮಾತು ಅದು. ಅದೇ ದಿನ ಮಧ್ಯಾಹ್ನ ನಿದ್ದೆಯಲ್ಲೇ ಹೋದಳು.

ಅಂದಿನಿಂದ ಆ ಸಂಜೆಯನ್ನು ಎಷ್ಟು ಸಲ ಮನಸ್ಸಿನಲ್ಲಿ ನಡೆದಿದ್ದೇನೋ ಲೆಕ್ಕವಿಲ್ಲ. ನಲ್ಲಿ ನೆನಪಿದೆ. ಹುಣಸೆ ಮರದ ತುದಿಯ ಬೆಳಕು ನೆನಪಿದೆ. ಆಮೇಲೆ ನನ್ನ ಕೋಣೆ, ಕತ್ತಲೆ, ಫೋನು. ನಡುವಿನ ವರಾಂಡ ನೆನಪಿಲ್ಲ. ದಿನಾ ಓಡಾಡುವ ವರಾಂಡವನ್ನು ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ವಾರ್ಡಿನ ಬಾಗಿಲು ಇರುವುದು ಆ ವರಾಂಡದಲ್ಲೇ. ಬೆಳಕಿದ್ದಾಗ ನಲ್ಲಿಯ ಬಳಿಯಿಂದ ಹೊರಟವಳು ಕತ್ತಲಾದ ಮೇಲೆ ಕೋಣೆಗೆ ಬಂದಿದ್ದೆ. ಅದು ನಾಲ್ಕು ಹೆಜ್ಜೆಯ ದಾರಿ. ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಪುಟ್ಟಕ್ಕನ ಕೋಣೆಗೆ ಹೋಗಿ ಬರುತ್ತಿದ್ದವಳು ನಾನೊಬ್ಬಳೇ. ಸೋಂಕಿನ ದಾರಿ ಹುಡುಕುವಾಗ ಎಲ್ಲರನ್ನೂ ಕೇಳಿದವಳು ನನ್ನೊಬ್ಬಳನ್ನು ಕೇಳಿರಲಿಲ್ಲ.

ಹಾಗಾದರೆ ನಾನೇ ಎನ್ನಿ. ದುಃಖದಲ್ಲಿ ಮಂಕು ಕವಿದು, ಹೂಂ ಎಂದು ಕೊಟ್ಟ ಮಾತನ್ನು ನನಗೇ ತಿಳಿಯದ ಹಾಗೆ ನಡೆಸಿಕೊಟ್ಟೆ ಎನ್ನಿ. ಆದರೆ ಎಲೆ ಎಲ್ಲಿಂದ ತಂದೆ? ಎಲ್ಲವನ್ನೂ ನಾನೇ ಸುಡಿಸಿದ್ದೆ. ಕುಟ್ಟಾಣಿ ಒಣಗಿ ಚೊಕ್ಕವಾಗಿತ್ತು. ನನಗೆ ನುಣ್ಣಗೆ ಕುಟ್ಟಲು ಬರುವುದಿಲ್ಲ, ಅದನ್ನು ತಿಮ್ಮಕ್ಕನೇ ಹೇಳಿ ಹೋದಳು. ಇನ್ನು ಪುಟ್ಟಕ್ಕನೇ ಬಂದಿದ್ದಳು ಎನ್ನೋಣವೆಂದರೆ ಆ ಬೆರಳು ಅವಳದಲ್ಲ. ಈ ಎರಡರ ನಡುವೆ ನಾನು ಸಿಕ್ಕಿಕೊಂಡಿದ್ದೇನೆ, ಯಾವ ಕಡೆಗೂ ಬರಲಾಗಿಲ್ಲ.

ಆ ಮನೆಯ ಕೆಲಸ ಬಿಟ್ಟು ಬಹಳ ದಿನವಾಯಿತು. ಈಗ ಸಿರಾದಲ್ಲಿ ನರ್ಸಿಂಗ್ ಓದುವ ಹುಡುಗಿಯರಿಗೆ ಕೈ ತೊಳೆಯುವುದನ್ನು ಕಲಿಸುತ್ತೇನೆ. ಅಂಗೈ, ಬೆರಳ ಸಂದಿ, ಉಗುರಿನ ಬುಡ, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ನಿಮ್ಮ ಕೈ ಎಲ್ಲೆಲ್ಲಿಗೆ ಹೋಗಿ ಬಂತು ಎನ್ನುವುದು ನಿಮಗೆ ಯಾವಾಗಲೂ ಗೊತ್ತಿರಬೇಕು ಎಂದು ಪಾಠದಲ್ಲಿ ಒಂದು ಮಾತಿದೆ, ಹೇಳಲೇಬೇಕು. ಅದನ್ನು ಹೇಳುವಾಗ ನಾನು ನನ್ನ ಬಲಗೈಯನ್ನು ಟವೆಲಿನಲ್ಲಿ ಒರೆಸಿಕೊಳ್ಳುತ್ತಿರುತ್ತೇನೆ.